ಮುಟ್ಟಿ ಕಲಿಯುವ ಕನ್ನಡ ಅಕ್ಷರ ಪೆಟ್ಟಿಗೆ: ಯಾವುದಕ್ಕೆ ದುಡ್ಡು ಕೊಡಬಹುದು, ಯಾವುದನ್ನು ಮನೆಯಲ್ಲೇ ಮಾಡಬೇಕು

ಮಗುವಿಗೆ ಡಿಸ್ಲೆಕ್ಸಿಯಾ, ಅಂದರೆ ಓದು ಬರಹ ಕಲಿಯುವುದರಲ್ಲಿನ ತೊಡಕು, ಇದೆ ಎಂದು ಗೊತ್ತಾದ ಕೂಡಲೇ ಹಾಸನ, ಚಿಕ್ಕಮಗಳೂರಿನ ಅಪ್ಪ ಅಮ್ಮಂದಿರು ಮೊದಲು ಹುಡುಕುವುದು ಒಂದು ಪೆಟ್ಟಿಗೆಯನ್ನು. ಪುಸ್ತಕದ ಅಂಗಡಿಯಲ್ಲೋ ಆಟಿಕೆ ಅಂಗಡಿಯಲ್ಲೋ ಆನ್‌ಲೈನಿನಲ್ಲೋ ಅದು ಸಿಕ್ಕಿಯೇ ಸಿಗುತ್ತದೆ. ಮೇಲೆ ಅಂಟಿಸಿದ ಹೆಸರು ಬೇರೆ ಬೇರೆ ಇದ್ದರೂ ಒಳಗಿನ ಸಾಮಾನು ಹೆಚ್ಚುಕಡಿಮೆ ಒಂದೇ: ಮರಳುಕಾಗದದ 49 ಅಕ್ಷರ ಹಲಗೆ, ಕಾಗುಣಿತದ ಬಿಡಿ ತುಂಡುಗಳು, ಮ್ಯಾಗ್ನೆಟ್ ಅಕ್ಷರಗಳ ಜೊತೆ ಒಂದು ತಗಡಿನ ಬೋರ್ಡು, ಮರಳು ಹಾಕುವ ತಟ್ಟೆ, ಚಿತ್ರದ ಕಾರ್ಡುಗಳು, ಒಂದು ತೆಳು ಕೈಪಿಡಿ. ಇವನ್ನು ಒಂದೊಂದಾಗಿ ಬಿಡಿಸಿ ನೋಡಿದರೆ ಮರಳುಕಾಗದದ ಹಲಗೆಗೆ ಕೊಟ್ಟ ದುಡ್ಡು ನಷ್ಟವಲ್ಲ. ತಟ್ಟೆ ಇದ್ದರೂ ಸರಿ, ಇಲ್ಲದಿದ್ದರೂ ಸರಿ. ಕಾಗುಣಿತದ ತುಂಡುಗಳು ಬಹುಪಾಲು ಪೆಟ್ಟಿಗೆಗಳಲ್ಲಿ ತಪ್ಪಾಗಿಯೇ ತಯಾರಾಗಿವೆ, ಮತ್ತು ಕನ್ನಡ ಕಲಿಸುವಾಗ ಎಲ್ಲಕ್ಕಿಂತ ಹೆಚ್ಚು ಬೇಕಾಗುವುದು ಅವೇ.

ಸಾಮಾನು ನೋಡುವ ಮುಂಚೆ ವಿಧಾನದ ಬಗ್ಗೆ ಎರಡು ಮಾತು. ಮರಳುಕಾಗದದ ಅಕ್ಷರ ಮರಿಯಾ ಮಾಂಟೆಸರಿ ಅವರ ಕಾಲದ್ದು. ರೋಮಿನಲ್ಲಿ ಅವರ ಮೊದಲ ಶಾಲೆ ತೆರೆದದ್ದು 1907ರಲ್ಲಿ. ಓದಲಾರದ ಮಕ್ಕಳಿಗೆಂದೇ ಅದನ್ನು ಕ್ರಮಬದ್ಧ ಪಾಠಕ್ಕೆ ಜೋಡಿಸಿದವರು ಅಮೆರಿಕದ ನರರೋಗ ವೈದ್ಯ ಸ್ಯಾಮ್ಯುಯೆಲ್ ಆರ್ಟನ್ ಮತ್ತು ಶಿಕ್ಷಕಿ ಆನಾ ಗಿಲ್ಲಿಂಗ್‌ಹ್ಯಾಮ್, 1930ರ ದಶಕದಲ್ಲಿ. ಇಡೀ ಪದವನ್ನು ಬೆರಳಲ್ಲಿ ತಿದ್ದಿಸುವ ಇನ್ನೊಂದು ದಾರಿ ಕ್ಯಾಲಿಫೋರ್ನಿಯಾದ ಗ್ರೇಸ್ ಫರ್ನಾಲ್ಡ್ ಅವರದು. ಕಣ್ಣು, ಕಿವಿ, ಬಾಯಿ, ಕೈ ನಾಲ್ಕೂ ಒಂದೇ ಹೊತ್ತಿನಲ್ಲಿ ಒಂದೇ ಅಕ್ಷರದ ಅಥವಾ ಪದದ ಮೇಲೆ ಕೆಲಸ ಮಾಡಬೇಕು ಎಂಬಲ್ಲಿ ಇವರೆಲ್ಲರದೂ ಒಂದೇ ಮಾತು. ಈಗ ಕಣ್ಣಿನ ಆಟ, ಆಮೇಲೆ ಕಿವಿಯ ಆಟ, ಕೊನೆಗೆ ಮರಳಾಟ ಎಂದು ಹಂಚಿಕೊಂಡರೆ ಅದು ಬರೀ ಆಟವಾಗಿಯೇ ಉಳಿಯುತ್ತದೆ.

ಕೆಲವು ಪೆಟ್ಟಿಗೆಗಳ ಮೇಲೆ ‘ನಿಮ್ಮ ಮಗು ನೋಡಿ ಕಲಿಯುವುದೋ, ಕೇಳಿ ಕಲಿಯುವುದೋ ಕಂಡುಕೊಳ್ಳಿ’ ಎಂಬ ಬರಹವಿರುತ್ತದೆ. ಅದನ್ನು ನಂಬಬೇಡಿ. ಮಕ್ಕಳನ್ನು ಹಾಗೆ ವಿಂಗಡಿಸಿ ಅವರವರ ಶೈಲಿಗೆ ತಕ್ಕಂತೆ ಕಲಿಸಿದರೆ ಹೆಚ್ಚು ಕಲಿಯುತ್ತಾರೆ ಎನ್ನುವುದಕ್ಕೆ ಗಟ್ಟಿ ಪುರಾವೆ ಇಲ್ಲ. ಆರ್ಟನ್-ಗಿಲ್ಲಿಂಗ್‌ಹ್ಯಾಮ್ ವಿಧಾನದ ಅಧ್ಯಯನಗಳನ್ನೆಲ್ಲ ಒಟ್ಟುಹಾಕಿ 2021ರಲ್ಲಿ ಲೆಕ್ಕ ನೋಡಿದಾಗಲೂ ಫಲ ಸಕಾರಾತ್ಮಕ ದಿಕ್ಕಿನಲ್ಲಿತ್ತೇ ಹೊರತು ಖಚಿತ ಎನ್ನುವಷ್ಟು ದೊಡ್ಡದಿರಲಿಲ್ಲ. ಮರಳು ಮುಟ್ಟಿದ್ದರಿಂದಲೇ ಓದು ಬರುವುದಿಲ್ಲ. ಅಕ್ಷರಕ್ಕೂ ಸದ್ದಿಗೂ ಇರುವ ನಂಟನ್ನು ಬಿಡಿಸಿ ಹೇಳಿಕೊಡುವುದು, ಒಂದು ಗಟ್ಟಿಯಾದ ಮೇಲೆ ಇನ್ನೊಂದನ್ನು ಕೊಡುವುದು, ಹಳೆಯದನ್ನು ದಿನವೂ ತಿರುವಿ ಹಾಕುವುದು, ಇವೇ ಮುಖ್ಯ ಕೆಲಸ. ಮುಟ್ಟುವ ಸಾಮಾನು ಮಗುವಿನ ಗಮನವನ್ನು ಹಿಡಿದು ನಿಲ್ಲಿಸಿ ಈ ಕೆಲಸಕ್ಕೆ ನೆರವಾಗುತ್ತದೆ. ಪೆಟ್ಟಿಗೆಯನ್ನು ಅಳೆಯಬೇಕಾದದ್ದು ಈ ಲೆಕ್ಕದಲ್ಲಿ: ಕನ್ನಡದ ಅಕ್ಷರ ಹೇಗೆ ಕಟ್ಟಿಕೊಳ್ಳುತ್ತದೋ ಹಾಗೆಯೇ ಕಟ್ಟಿ ಬಿಚ್ಚಲು ಅದು ಬಿಡುತ್ತದೆಯೇ?

ಮೊದಲು ಮರಳುಕಾಗದದ ಹಲಗೆ. ಅಂಗಡಿಯಲ್ಲೇ ತೋರುಬೆರಳಿನ ತುದಿಯನ್ನು ಅಕ್ಷರದ ಮೇಲೆ ಹತ್ತು ಸಲ ಓಡಿಸಿ ನೋಡಿ. ಉರಿದರೆ ಅದು 80ನೇ ನಂಬರಿನ ಒರಟು ಕಾಗದ. ಮಕ್ಕಳು ಎರಡನೇ ದಿನವೇ ಕೈ ಹಿಂದೆ ಎಳೆಯುತ್ತಾರೆ. ಹಲಗೆಯ ನುಣುಪಿಗೂ ಅಕ್ಷರಕ್ಕೂ ವ್ಯತ್ಯಾಸವೇ ಗೊತ್ತಾಗದಿದ್ದರೆ ಅದು 220ರ ಮೇಲಿನದು, ಹಾಗಾಗಿ ಪ್ರಯೋಜನವಿಲ್ಲ. ಸರಿಹೊಂದುವುದು 120ರಿಂದ 150. ಅಕ್ಷರದ ಎತ್ತರ ಸುಮಾರು 10 ಸೆಂ.ಮೀ. ಇರಬೇಕು, ಗೆರೆಯ ದಪ್ಪ ಒಂದು ಸೆಂ.ಮೀ.ಗೆ ಕಡಿಮೆ ಇರಬಾರದು, ಯಾಕೆಂದರೆ ತಿದ್ದುವುದು ತೋರುಬೆರಳು ಮತ್ತು ನಡುಬೆರಳು ಎರಡನ್ನೂ ಜೋಡಿಸಿ. ಐದಾರು ಸೆಂ.ಮೀ. ಎತ್ತರದ ಪುಟ್ಟ ಅಕ್ಷರದ ಹಲಗೆಗಳೂ ಬರುತ್ತವೆ. ಅವುಗಳಲ್ಲಿ ‘ಣ’, ‘ಖ’ದಂಥ ಸುರುಳಿಗಳ ನಡುವೆ ಬೆರಳು ಹೋಗಲು ಜಾಗವೇ ಇರುವುದಿಲ್ಲ.

ಅಕ್ಷರದ ಆಕಾರವನ್ನೂ ನೋಡಬೇಕು. ಕಂಪ್ಯೂಟರಿನ ಅಲಂಕಾರದ ಫಾಂಟಿನಿಂದ ಕತ್ತರಿಸಿದ ಅಕ್ಷರದಲ್ಲಿ ಗೆರೆ ಒಂದು ಕಡೆ ದಪ್ಪ, ಇನ್ನೊಂದು ಕಡೆ ಕೂದಲೆಳೆ. ಬೆರಳು ಎಲ್ಲಿ ಶುರು ಮಾಡಿ ಯಾವ ಕಡೆ ತಿರುಗಬೇಕು ಎಂಬ ಸುಳಿವು ಅದರಲ್ಲಿ ಸಿಗದು. ಶಾಲೆಯಲ್ಲಿ ಕೈಯಲ್ಲಿ ಬರೆಯುವ ದುಂಡು ಅಕ್ಷರಕ್ಕೆ ಹತ್ತಿರವಿರುವುದನ್ನೇ ಆರಿಸಿ. ಶುರುವಾಗುವ ಜಾಗದಲ್ಲಿ ಚುಕ್ಕಿ ಇದ್ದರೆ ಒಳ್ಳೆಯದು; ಇಲ್ಲದಿದ್ದರೆ ಹಸಿರು ನೈಲ್ ಪಾಲಿಶ್‌ನಲ್ಲಿ ನೀವೇ ಒಂದು ಬೊಟ್ಟಿಡಿ. ಅಕ್ಷರದ ಮೈ ಮೊದಲು, ನೆತ್ತಿಯ ತಲಕಟ್ಟು ಕೊನೆಗೆ ಎಂಬ ಕ್ರಮವನ್ನು ಮೊದಲ ದಿನದಿಂದಲೇ ಬಿಗಿ ಮಾಡಿ. ಯಾಕೆ ಎಂಬುದು ಕಾಗುಣಿತಕ್ಕೆ ಬಂದಾಗ ಗೊತ್ತಾಗುತ್ತದೆ.

ಮಳೆ ಜಾಸ್ತಿ ಇರುವ ಕಡೆಯವರು, ಅಂದರೆ ಸಕಲೇಶಪುರ, ಮೂಡಿಗೆರೆ, ಕೊಪ್ಪ, ಶೃಂಗೇರಿಯವರು, ಇನ್ನೊಂದು ಪರೀಕ್ಷೆ ಮಾಡಬೇಕು. ಸಾಧಾರಣ ಕಂದು ಮರಳುಕಾಗದದಲ್ಲಿ ಹರಳನ್ನು ಹಿಡಿದಿಡುವ ಅಂಟು ತೇವಕ್ಕೆ ಮೆತ್ತಗಾಗುತ್ತದೆ. ಆಷಾಢ ಮುಗಿಯುವುದರೊಳಗೆ ಅಕ್ಷರದ ಹರಳೆಲ್ಲ ಮಗುವಿನ ಬೆರಳಿಗೆ ಬಂದು ಹಲಗೆ ಬೋಳಾಗಿರುತ್ತದೆ. ಬಣ್ಣದ ಅಂಗಡಿಯವರು ನೀರಲ್ಲಿ ಉಜ್ಜಲು ಕೊಡುವ ಕಪ್ಪು ವಾಟರ್‌ಪ್ರೂಫ್ ಕಾಗದಕ್ಕೆ ಈ ತೊಂದರೆಯಿಲ್ಲ. ಹಲಗೆಯ ವಿಷಯವೂ ಇದೇ: ಮರದ ಪುಡಿ ಒತ್ತಿ ಮಾಡಿದ ಎಂ.ಡಿ.ಎಫ್. ಹಲಗೆ ತುದಿಯಿಂದ ನೀರು ಕುಡಿದು ಉಬ್ಬುತ್ತದೆ, ರಟ್ಟು ಸುರುಳಿಯಾಗುತ್ತದೆ, 4 ಮಿ.ಮೀ. ಪ್ಲೈವುಡ್ ತಡೆಯುತ್ತದೆ. ವೆಲ್ವೆಟ್ ಅಕ್ಷರದ ಪೆಟ್ಟಿಗೆ ಈ ಸೀಮೆಗಂತೂ ಬೇಡ, ಬೂಷ್ಟು ಹಿಡಿಯುತ್ತದೆ.

ಇದನ್ನು ಮನೆಯಲ್ಲೇ ಮಾಡುವುದೂ ಕಷ್ಟವಲ್ಲ. ಮರಳುಕಾಗದದ ಹಾಳೆ ಸಾಮಾನ್ಯವಾಗಿ 9 ಇಂಚು ಅಗಲ, 11 ಇಂಚು ಉದ್ದ. ಒಂದರಲ್ಲಿ ನಾಲ್ಕು ಅಕ್ಷರ ಕೂರುತ್ತವೆ. 49ಕ್ಕೂ ಮಾಡಿದರೆ 13 ಹಾಳೆ ಬೇಕು. ಆದರೆ ಙ, ಞ, ಝ, ಢ, ಛ, ಠದಂಥವು ಮೊದಲ ವರ್ಷ ಹೆಚ್ಚುಕಡಿಮೆ ಬೇಕಾಗುವುದೇ ಇಲ್ಲ. ಸುಮಾರು 36 ಅಕ್ಷರ, ಅಂದರೆ ಒಂಬತ್ತು ಹಾಳೆ, ಸಾಕು. ಕತ್ತರಿಯಲ್ಲಿ ಕತ್ತರಿಸಿದರೆ ಕತ್ತರಿ ಮೊಂಡಾಗುತ್ತದೆ. ಹಾಳೆಯನ್ನು ಬೋರಲು ಹಾಕಿ ಹಿಂಬದಿಯಿಂದ ಕಟರ್ ಬ್ಲೇಡಿನಲ್ಲಿ ಕೊಯ್ಯಬೇಕು. ಎಲ್ಲರೂ ಎಡವುವುದು ಇಲ್ಲೇ: ಹಿಂಬದಿಯಲ್ಲಿ ಅಕ್ಷರವನ್ನು ನೇರವಾಗಿ ಬರೆದು ಕೊಯ್ದರೆ ಮುಂದಿನಿಂದ ನೋಡುವಾಗ ಅದು ಕನ್ನಡಿಯ ಅಕ್ಷರ. ಕಾಗದದಲ್ಲಿ ಬರೆದ ಅಕ್ಷರವನ್ನು ಕಿಟಕಿಯ ಗಾಜಿಗೆ ಹಿಡಿದು ಬೆನ್ನಿನ ಕಡೆಯಿಂದ ನಕಲು ತೆಗೆದು, ಆ ನಕಲನ್ನು ಮರಳುಕಾಗದದ ಹಿಂಬದಿಗೆ ಇಳಿಸಿ. ಅಂಟಿಸಲು ಬಿಳಿ ಫೆವಿಕಾಲ್ ಬದಲು ಚಪ್ಪಲಿ ರಿಪೇರಿಯವರು ಬಳಸುವ ರಬ್ಬರ್ ಅಂಟು ವಾಸಿ. ಎರಡೂ ಬದಿಗೆ ತೆಳ್ಳಗೆ ಸವರಿ, ಕೈಗೆ ಅಂಟದಷ್ಟು ಒಣಗಿದ ಮೇಲೆ ಒತ್ತಬೇಕು. ಅದರ ವಾಸನೆ ತಲೆಗೇರುವಂಥದು, ದೊಡ್ಡವರೇ ಹೊರಗೆ ಕೂತು ಮಾಡಲಿ. ಸ್ವರಕ್ಕೆ ನೀಲಿ ಹಲಗೆ, ವ್ಯಂಜನಕ್ಕೆ ಗುಲಾಬಿ ಹಲಗೆ ಎಂಬುದು ಮಾಂಟೆಸರಿ ರೂಢಿ. ಬಣ್ಣ ಯಾವುದಾದರೂ ಇರಲಿ, ಎರಡು ಗುಂಪಿಗೆ ಎರಡು ಬಣ್ಣ ಇದ್ದರೆ ಸಾಕು.

ತಿದ್ದಿಸುವ ಕ್ರಮ ಹೀಗೆ. ಮಗು ಬರೆಯುವ ಕೈಯ ಎರಡು ಬೆರಳಲ್ಲಿ ಹಲಗೆಯ ಮೇಲೆ ಮೂರು ಸಲ ತಿದ್ದಲಿ, ಪ್ರತಿ ಸಲವೂ ಸದ್ದು ಹೇಳುತ್ತಾ. ಆಮೇಲೆ ಮರಳಿನಲ್ಲಿ ಎರಡು ಸಲ, ಕಣ್ಣು ಮುಚ್ಚಿ ಒಂದು ಸಲ, ಕೊನೆಗೆ ಪೆನ್ಸಿಲ್. ಬಾಯಿ ಮುಚ್ಚಿಕೊಂಡು ಇಪ್ಪತ್ತು ಸಲ ತಿದ್ದಿದರೆ ಬೆರಳು ಸವೆಯುವುದಷ್ಟೇ. ಕಣ್ಣು ಕಿಟಕಿಯ ಕಡೆ, ಬೆರಳು ಹಲಗೆಯ ಮೇಲೆ ಇದ್ದರೂ ಲೆಕ್ಕಕ್ಕಿಲ್ಲ. ದೀರ್ಘ ಸ್ವರಕ್ಕೆ ಬೆರಳನ್ನು ನಿಧಾನವಾಗಿ ಎಳೆಸಿ. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು ಎಂಬ ಛಂದಸ್ಸಿನ ಹಳೆಯ ಲೆಕ್ಕ ಇಲ್ಲಿ ಪಕ್ಕಾ ಕೆಲಸಕ್ಕೆ ಬರುತ್ತದೆ: ‘ಬಲ’ಕ್ಕೆ ಮೇಜಿನ ಮೇಲೆ ಎರಡು ತಟ್ಟು, ‘ಬಾಲ’ಕ್ಕೆ ಮೊದಲ ತಟ್ಟನ್ನು ಎಳೆದು ಹಿಡಿ, ಎರಡನೆಯದು ಚುಟುಕು. ಮರ-ಮಾರ, ಬಿಡು-ಬೀಡು, ಕೊಡು-ಕೋಡು ಜೋಡಿಗಳನ್ನು ಹೀಗೆ ಕೈಯಲ್ಲಿ ಅಳೆದ ಮೇಲೆ ಬರೆಸಿದರೆ ದೀರ್ಘ ಬಿಟ್ಟುಹೋಗುವುದು ಎಷ್ಟೋ ಕಡಿಮೆಯಾಗುತ್ತದೆ.

ಮರಳು ತಟ್ಟೆ ಪೆಟ್ಟಿಗೆಯಲ್ಲಿ ಬರದಿದ್ದರೂ ಚಿಂತೆಯಿಲ್ಲ. 30×40 ಸೆಂ.ಮೀ. ಅಗಲದ, ನಾಲ್ಕು ಸೆಂ.ಮೀ. ಅಂಚಿರುವ ಯಾವ ತಟ್ಟೆಯಾದರೂ ಆದೀತು. ಅದರಲ್ಲಿ ಮರಳು ಅರ್ಧ ಸೆಂ.ಮೀ. ಮೀರಬಾರದು, ಆಳವಾದರೆ ತಳ ಕಾಣದೆ ಅಕ್ಷರವೂ ಕಾಣುವುದಿಲ್ಲ. ಜರಡಿ ಹಿಡಿದು ತೊಳೆದು ಒಣಗಿಸಿದ ಹೊಳೆಮರಳು ಒಳ್ಳೆಯದು. ಎಂ-ಸ್ಯಾಂಡ್ ಬೇಡ, ಅದರ ಅಂಚು ಚೂಪು, ದೂಳೂ ಜಾಸ್ತಿ. ರಂಗೋಲಿ ಪುಡಿ ಮೂಗಿಗೆ ಹೋಗುತ್ತದೆ. ರವೆ ಹಾಕಿದರೆ ಇರುವೆಗೆ ಆಹ್ವಾನ ಕೊಟ್ಟಂತೆ. ಹಾಸನದ ಬಯಲು ಸೀಮೆಯ ಮನೆಗಳಲ್ಲಿ ಸುಲಭಕ್ಕೆ ಸಿಗುವ ರಾಗಿ ಚೆನ್ನಾಗಿಯೇ ನಡೆಯುತ್ತದೆ, ತಟ್ಟೆಯ ತಳ ಮಾತ್ರ ಬಿಳಿ ಇರಬೇಕು. ಮಲೆನಾಡಿನಲ್ಲಿ ಮಳೆಗಾಲಕ್ಕೆ ಮರಳು ಮುದ್ದೆಗಟ್ಟಿದರೆ ಕಬ್ಬಿಣದ ಬಾಣಲೆಯಲ್ಲಿ ಹುರಿದು ಆರಿಸಿ ಡಬ್ಬಿಗೆ ತುಂಬಿಡಿ.

ಈಗ ಕಾಗುಣಿತದ ತುಂಡುಗಳು. ಇಂಗ್ಲಿಷಿನ ಪೆಟ್ಟಿಗೆಯನ್ನು ನೋಡಿ ಕನ್ನಡಕ್ಕೆ ತಂದವರು ಮುಗ್ಗರಿಸಿರುವುದು ಇಲ್ಲಿ. ಇಂಗ್ಲಿಷಿನಲ್ಲಿ ಅಕ್ಷರಗಳು ಒಂದರ ಪಕ್ಕ ಒಂದು ಸಾಲಾಗಿ ಕೂರುತ್ತವೆ. ಕನ್ನಡದಲ್ಲಿ ಸ್ವರ ಚಿಹ್ನೆ ಮೇಲೆ, ಬಲಕ್ಕೆ, ಕೆಳಕ್ಕೆ ಹೋಗಿ ಕೂರುತ್ತದೆ, ಎಷ್ಟೋ ಸಲ ಹೋಗುವಾಗ ತಲಕಟ್ಟನ್ನು ನುಂಗುತ್ತದೆ. ಹೆಚ್ಚಿನ ಪೆಟ್ಟಿಗೆಗಳಲ್ಲಿ ವ್ಯಂಜನವನ್ನು ತಲಕಟ್ಟಿನ ಸಮೇತ ಒಂದೇ ತುಂಡಾಗಿ ಕತ್ತರಿಸಿ, ಗುಡಿಸು, ಎತ್ವಗಳನ್ನು ಬೇರೆ ಕೊಟ್ಟಿರುತ್ತಾರೆ. ‘ಕ’ದ ಮೇಲೆ ಗುಡಿಸು ಇಟ್ಟರೆ ತಲಕಟ್ಟು ಅಲ್ಲೇ ಇರುತ್ತದೆ, ಮಗುವಿನ ಕಣ್ಣಿಗೆ ಬೀಳುವುದು ಯಾವ ಪುಸ್ತಕದಲ್ಲೂ ಇಲ್ಲದ ವಿಚಿತ್ರ ಅಕ್ಷರ. ಅಕ್ಷರದ ಚಿತ್ರವನ್ನು ಮನಸ್ಸಿನಲ್ಲಿ ಹಿಡಿಯಲು ಮೊದಲೇ ಒದ್ದಾಡುವ ಮಗುವಿಗೆ ಇದು ದೊಡ್ಡ ಪೆಟ್ಟು.

ಸರಿಯಾದ ಸೆಟ್ಟಿನಲ್ಲಿ ವ್ಯಂಜನದ ಬರಿ ಮೈ ಒಂದು ತುಂಡು, ತಲಕಟ್ಟು ಇನ್ನೊಂದು ತುಂಡು. ಮೈ ಮತ್ತು ತಲಕಟ್ಟು ಸೇರಿ ‘ಕ’. ತಲಕಟ್ಟು ತೆಗೆದು ಗುಡಿಸು ಇಟ್ಟರೆ ‘ಕಿ’. ಕ್ ಮತ್ತು ಇ ಸೇರಿ ಕಿ ಎಂಬುದು ಕೈಗೇ ಗೊತ್ತಾಗುತ್ತದೆ. ಕನ್ನಡದ ಮಕ್ಕಳು ‘ಕಿ’ಯನ್ನು ಒಂದೇ ಸದ್ದಾಗಿ ಕೇಳಿಸಿಕೊಳ್ಳುತ್ತಾರೆ, ಅದರೊಳಗೆ ಎರಡು ಸದ್ದಿದೆ ಎಂಬ ಅರಿವು ತಡವಾಗಿ ಬರುತ್ತದೆ, ಡಿಸ್ಲೆಕ್ಸಿಯಾ ಇದ್ದರೆ ಇನ್ನೂ ತಡ. ಅದನ್ನು ಕಣ್ಣಿಗೂ ಕೈಗೂ ತೋರಿಸುವ ಸಾಧನ ಈ ಬಿಡಿ ತಲಕಟ್ಟು. ಜ, ಬ, ಲ, ಣ ಮೊದಲಾದವಕ್ಕೆ ತಲಕಟ್ಟೇ ಇಲ್ಲ. ಅವನ್ನು ಬೇರೆ ಲಕೋಟೆಯಲ್ಲಿಟ್ಟು, ಮಿಕ್ಕವುಗಳ ಕಾಗುಣಿತ ಗಟ್ಟಿಯಾದ ಮೇಲೆ ತನ್ನಿ.

ಎಷ್ಟು ತುಂಡು ಬೇಕು? ತಲಕಟ್ಟು, ಇಳಿ, ಗುಡಿಸು, ಕೊಂಬು, ಕೊಂಬಿನ ಇಳಿ, ವಟ್ರಸುಳಿ, ಎತ್ವ, ದೀರ್ಘ, ಐತ್ವದ ಕೆಳತುಂಡು, ಔತ್ವ, ಸೊನ್ನೆ, ವಿಸರ್ಗ, ಒಟ್ಟು ಹನ್ನೆರಡು ಬಗೆ. ದೀರ್ಘದ ಒಂದೇ ತುಂಡು ಕೀ, ಕೇ, ಕೋ ಮೂರಕ್ಕೂ ಆಗುತ್ತದೆ ಎಂಬುದೇ ಒಂದು ಪಾಠ. ವಟ್ರಸುಳಿ, ವಿಸರ್ಗ ಒಂದೊಂದಿದ್ದರೆ ಸಾಕು, ಉಳಿದವು ಮೂರು ಮೂರು ಬೇಕು. ಅಂಗಡಿಯಲ್ಲಿ ಒಂದು ಚಿಕ್ಕ ಪರೀಕ್ಷೆ: ಪೆಟ್ಟಿಗೆಯ ತುಂಡುಗಳಿಂದ ‘ಮಾವಿನಕಾಯಿ’ ಎಂದು ಜೋಡಿಸಿ ನೋಡಿ. ಎರಡು ಇಳಿ, ಎರಡು ಗುಡಿಸು ಬೇಕು. ಒಂದೊಂದೇ ಕೊಟ್ಟಿರುವ ಪೆಟ್ಟಿಗೆಯಲ್ಲಿ ಅರ್ಧಕ್ಕೇ ನಿಲ್ಲುತ್ತದೆ. ‘ಯಿ’ ಬರೆಯುವಾಗ ಗುಡಿಸು ಯಕಾರದ ಎಡಭಾಗದ ಮೇಲೆ ಬರಬೇಕು, ‘ಮಿ’ಯಲ್ಲೂ ಹಾಗೆಯೇ. ಎಲ್ಲಕ್ಕೂ ಒಂದೇ ಜಾಗದಲ್ಲಿ ಮೊಳೆ ಹೊಡೆದು ಗುಂಡಿ ಮಾಡಿದ ಹಲಗೆಯಲ್ಲಿ ಇದು ಆಗದು. ಇನ್ನು ಪು, ವು. ಇವುಗಳಿಗೆ ಕೊಂಬು ಬಲಗಡೆ ನೇರವಾಗಿ ಅಂಟುವುದಿಲ್ಲ, ಕೆಳಗಿನಿಂದ ಇಳಿಯುತ್ತದೆ. ಬಲಕ್ಕೆ ಅಂಟಿಸಿದರೆ ‘ವು’ ಹೋಗಿ ‘ಮ’ ಆಗಿಬಿಡುತ್ತದೆ. ಇದನ್ನು ಸರಿಯಾಗಿ ಮಾಡಿರುವ ಸೆಟ್ ಕೈಗೆ ಸಿಕ್ಕರೆ ಮರುಯೋಚನೆ ಮಾಡದೆ ಕೊಳ್ಳಿ, ಅಷ್ಟು ಅಪರೂಪ.

ಸಿಗದಿದ್ದರೆ 3 ಮಿ.ಮೀ. ಫೋಮ್ ಶೀಟಿನಲ್ಲಿ ಮನೆಯಲ್ಲೇ ಕತ್ತರಿಸಿ. ವ್ಯಂಜನದ ಮೈಗೆ ಒಂದು ಬಣ್ಣ, ಸ್ವರ ಚಿಹ್ನೆಗೆ ಇನ್ನೊಂದು, ಒತ್ತಿಗೆ ಮೂರನೆಯದು. ಫೋಮಿಗೆ ತೇವದ ಭಯವಿಲ್ಲ, ಸಾಧಾರಣ ಕತ್ತರಿಯಲ್ಲೇ ಕತ್ತರಿಸಬಹುದು, ಮೇಜಿನ ಮೇಲೆ ಜಾರುವುದೂ ಇಲ್ಲ. ಲೇಸರ್ ಕಟಿಂಗ್ ಅಂಗಡಿಗೆ ಕೊಟ್ಟು ಅಕ್ರಿಲಿಕ್‌ನಲ್ಲಿ ಮಾಡಿಸಿದರೆ ನೋಡಲು ಚೆಂದ, ಆದರೆ ಜೋಡಿಸಿದ ಅಕ್ಷರ ಮುಟ್ಟಿದರೆ ಚದುರಿಹೋಗುತ್ತದೆ.

ಒತ್ತಕ್ಷರ ಇದಕ್ಕಿಂತ ಗಹನ, ಪೆಟ್ಟಿಗೆಗಳು ಇದರಲ್ಲಿ ಪೂರ್ತಿ ಕೈಕೊಡುತ್ತವೆ. ಬಹುತೇಕ ಒತ್ತುಗಳು ಮೂಲ ಅಕ್ಷರದ ಪುಟ್ಟ ರೂಪಗಳೇ. ತ, ನ, ಮ, ಯ, ರ, ಲ ಆರು ಮಾತ್ರ ವೇಷ ಬದಲಿಸುತ್ತವೆ. ದುರದೃಷ್ಟಕ್ಕೆ ದಿನಬಳಕೆಯ ಪದಗಳಲ್ಲಿ ಹೆಚ್ಚು ಬರುವುದೂ ಇವೇ: ಹತ್ತು, ಅನ್ನ, ಅಮ್ಮ, ಅಯ್ಯ, ಚಕ್ರ, ಎಲ್ಲ. ಈ ಆರಕ್ಕೂ ಮರಳುಕಾಗದದ ಹಲಗೆ ಬೇಕೇ ಬೇಕು. ವರ್ಣಮಾಲೆಯ 49ನ್ನು ಲೆಕ್ಕ ಹಾಕಿ ಮುಗಿಸಿದ ಪೆಟ್ಟಿಗೆಯಲ್ಲಿ ಇವು ಇರುವುದಿಲ್ಲ.

ಅದಕ್ಕಿಂತ ಕಷ್ಟದ್ದು ಕ್ರಮ. ‘ಶಕ್ತಿ’ ಎಂಬ ಪದ ನೋಡಿ. ಶಕಾರ ಮುಗಿದ ಮೇಲೆ ಕಿವಿಗೆ ಬೀಳುವುದು ಕ್, ತ್, ಇ. ಕಣ್ಣಿಗೆ ಬೀಳುವುದು ‘ಕಿ’, ಅದರ ಕೆಳಗೆ ತಕಾರದ ಒತ್ತು. ಕೊನೆಯ ಸದ್ದಾದ ಇಕಾರ ಕಕಾರದ ನೆತ್ತಿಗೆ ಹೋಗಿ ಕೂತಿದೆ. ಆದ್ದರಿಂದಲೇ ಮಕ್ಕಳು ಅದನ್ನು ‘ಶಕಿತ’ ಎಂದು ಓದುತ್ತಾರೆ, ‘ಶಕತಿ’ ಎಂದು ಬರೆಯುತ್ತಾರೆ. ಇದಕ್ಕೆ ಮೂರು ಅಂತಸ್ತಿನ ಹಲಗೆ ಮಾಡಿಕೊಳ್ಳಿ: A4 ಅಳತೆಯ ರಟ್ಟಿಗೆ ಅಡ್ಡಲಾಗಿ ಎರಡು ಗೆರೆ, ಮೇಲಿನ ಪಟ್ಟಿ ಸ್ವರ ಚಿಹ್ನೆಗೆ, ನಡುವಿನದು ಮೈಗೆ, ಕೆಳಗಿನದು ಒತ್ತಿಗೆ. ಮಗು ಮೊದಲು ಮೂರು ಹುಣಸೆ ಬೀಜವನ್ನು ಸಾಲಾಗಿ ಇಟ್ಟು ಮೂರು ಸದ್ದನ್ನೂ ಹೇಳಲಿ. ಆಮೇಲೆ ಸದ್ದು ಹೇಳುತ್ತಾ ಒಂದೊಂದು ಬೀಜದ ಬದಲಿಗೆ ತುಂಡು ಇಡಲಿ: ಕ್ ಎನ್ನುತ್ತಾ ನಡುವಿನ ಪಟ್ಟಿಗೆ, ತ್ ಎನ್ನುತ್ತಾ ಕೆಳಗಿನ ಪಟ್ಟಿಗೆ, ಇ ಎನ್ನುತ್ತಾ ಮೇಲಿನ ಪಟ್ಟಿಗೆ. ಓದುವಾಗಲೂ ಬೆರಳು ಇದೇ ದಾರಿಯಲ್ಲಿ ನಡು, ಕೆಳಗೆ, ಮೇಲೆ ಎಂದು ಓಡಬೇಕು. ‘ಸೂರ್ಯ’ ಇದಕ್ಕಿಂತ ಒಂದು ಹೆಜ್ಜೆ ಮುಂದಿನದು, ಅರ್ಕಾವತ್ತು ಹಾಕಿ ಬರೆದರೆ ಮೊದಲು ಕೇಳಿಸುವ ರಕಾರ ಬರಹದಲ್ಲಿ ಕೊನೆಗೆ ಬರುತ್ತದೆ. ಶುರುವಿನಲ್ಲೇ ಇವನ್ನೆಲ್ಲ ತರಬೇಡಿ. ಕತೆ-ಕತ್ತೆ, ಮಗ-ಮಗ್ಗ ಜೋಡಿಗಳಿಂದ, ಅಂದರೆ ಸಜಾತೀಯ ಒತ್ತುಗಳಿಂದ ತೊಡಗಿ.

ಮ್ಯಾಗ್ನೆಟ್ ಅಕ್ಷರಗಳ ಬಗ್ಗೆ ಚುಟುಕಾಗಿ: ಬೆನ್ನಿಗೆ ಗುಂಡಿಯಂಥ ಪುಟ್ಟ ಮ್ಯಾಗ್ನೆಟ್ ಅಂಟಿಸಿದ ಸೆಟ್ ತರಲೇಬೇಡಿ. ಅಂಟು ಬಿಟ್ಟು ಉದುರುತ್ತವೆ, ಎರಡನ್ನು ನುಂಗಿದರೆ ಹೊಟ್ಟೆಯೊಳಗೆ ಕರುಳಿನ ಎರಡು ಪದರಗಳ ಆಚೆ ಈಚೆ ಸೆಳೆದುಕೊಂಡು ತೂತು ಮಾಡುತ್ತವೆ. ಅಂಥದ್ದು ಆಪರೇಷನ್‌ವರೆಗೂ ಹೋಗುತ್ತದೆ. ಚಿಕ್ಕ ತಮ್ಮನೋ ತಂಗಿಯೋ ಇರುವ ಮನೆಯಲ್ಲಂತೂ ಬೇಡ. ರಬ್ಬರ್ ಪಟ್ಟಿಯ ಮ್ಯಾಗ್ನೆಟ್ ಆದರೆ ಅಪಾಯ ಕಡಿಮೆ, ಉಪಯೋಗವೂ ಅಷ್ಟಕ್ಕಷ್ಟೇ.

ಚಿತ್ರದ ಕಾರ್ಡುಗಳು ಹಳೆಯ ದಾರಿಯಲ್ಲೇ ಇವೆ: ಐಗೆ ಐರಾವತ, ಝಕ್ಕೆ ಝರಿ, ಋಗೆ ಋಷಿ. ಮಗು ದಿನವೂ ಬಾಯಲ್ಲಿ ಆಡುವ ಪದವೇ ಬೇಕು. ಹಾಸನದ ಮಗುವಿಗೆ ರಾಗಿ, ಗೆಣಸು, ಆಲೂಗಡ್ಡೆ. ಮೂಡಿಗೆರೆಯ ಮಗುವಿಗೆ ಕಾಫಿ, ಮೆಣಸು, ಜಿಗಣೆ. ಆಲೂಗಡ್ಡೆಯಲ್ಲಿ ಒತ್ತಿದೆ, ಅದು ಚಿತ್ರಕ್ಕೆ ಮಾತ್ರ ಇರಲಿ, ಓದಿಸುವುದು ಆಮೇಲೆ.

ಕೈಪಿಡಿಗಳು ಅ, ಆ, ಇ, ಈ ಕ್ರಮದಲ್ಲೇ ಕಲಿಸಿ ಎನ್ನುತ್ತವೆ. ಮಗು ಸರ್ಕಾರಿ ಶಾಲೆಯ ನಲಿ-ಕಲಿ ತರಗತಿಯಲ್ಲಿದ್ದರೆ ಅಲ್ಲಿನ ಕ್ರಮ ‘ರ ಗ ಸ ದ ಅ’ ಎಂದು ಶುರುವಾಗುತ್ತದೆ. ಮನೆಯಲ್ಲಿ ಒಂದು, ಶಾಲೆಯಲ್ಲಿ ಇನ್ನೊಂದು ಬೇಡ. ಶಾಲೆಯ ಕ್ರಮವನ್ನೇ ಹಿಡಿಯಿರಿ. ಒಂದು ತಿದ್ದುಪಡಿ ಮಾತ್ರ ಬೇಕು. ಮುಂದಿನ ಗುಂಪು ‘ಜ ವ ಮ ಬ ನ’. ಅದರಲ್ಲಿ ವ ಮತ್ತು ಮ ಒಟ್ಟಿಗೇ ಇವೆ, ನೋಡಲು ಒಂದಕ್ಕೊಂದು ಸೋದರರು. ವಕಾರ ಹತ್ತಕ್ಕೆ ಒಂಬತ್ತು ಸಲ ಸರಿಯಾಗುವ ತನಕ ಮಕಾರವನ್ನು ಹೊರಗಿಡಿ, ಯಕಾರವನ್ನು ಇನ್ನೂ ಮುಂದಕ್ಕೆ ಹಾಕಿ. ಪ-ಷ-ಫ, ದ-ಧ-ಥ, ರ-ಠ, ನ-ಸ, ಒ-ಬ ಇವನ್ನೂ ಹೀಗೆಯೇ ಬಿಡಿಸಬೇಕು. ಎರಡೂ ಬೇರೆ ಬೇರೆಯಾಗಿ ಗಟ್ಟಿಯಾದ ಮೇಲೆ ಪಕ್ಕಪಕ್ಕ ಇಟ್ಟು ವ್ಯತ್ಯಾಸವನ್ನು ಬೆರಳಲ್ಲೇ ಹುಡುಕಿಸಿ.

ಪೆಟ್ಟಿಗೆಯ ಜೊತೆ ಬರುವ ‘ಡಿಸ್ಲೆಕ್ಸಿಯಾ ಪರೀಕ್ಷಾ ಹಾಳೆ’ಯನ್ನು ಪಕ್ಕಕ್ಕಿಡಿ. ಅದರಲ್ಲಿ ಹಕಾರ ಬಿಟ್ಟು ‘ಹಾಲು’ ಬದಲು ‘ಆಲು’ ಎಂದು ಬರೆದದ್ದಕ್ಕೂ ತಪ್ಪಿನ ಗುರುತು. ಈ ಕಡೆಯ ಎಷ್ಟೋ ಹಳ್ಳಿಗಳಲ್ಲಿ ಮಾತೇ ಹಾಗೆ, ಊರು ಕೂಡ ‘ಆಸನ’ವೇ. ಮಹಾಪ್ರಾಣ ಬಿಡುವುದು, ಶಕಾರ ಸಕಾರ ಒಂದಾಗುವುದೂ ಅಷ್ಟೇ. ಮಾತಿನಲ್ಲಿ ಇಲ್ಲದ್ದನ್ನು ಬರಹದಲ್ಲಿ ಬಿಟ್ಟ ಮಾತ್ರಕ್ಕೆ ಡಿಸ್ಲೆಕ್ಸಿಯಾ ಆಗುವುದಿಲ್ಲ. ಕಾಫಿ ತೋಟದ ಕೂಲಿಕಾರರ ಲೈನುಮನೆಗಳ ಮಕ್ಕಳಿಗೆ ಮನೆಮಾತು ಬೇರೆಯೇ ಇರಬಹುದು, ಅದನ್ನೂ ಗಣನೆಗೆ ತೆಗೆದುಕೊಳ್ಳಬೇಕು. ಸರಿಯಾದ ಮೌಲ್ಯಮಾಪನಕ್ಕೆ ನಿಮ್ಹಾನ್ಸ್ ರೂಪಿಸಿದ ಪರೀಕ್ಷೆಗಳಿವೆ. ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರ 2015ರಲ್ಲಿ ಹೊರತಂದ ‘ಡಾಲಿ’ ಎಂಬ ಡಿಸ್ಲೆಕ್ಸಿಯಾ ಪರೀಕ್ಷೆ ಕನ್ನಡದಲ್ಲೂ ಇದೆ. ಡಿಸ್ಲೆಕ್ಸಿಯಾ ಸೇರುವ ‘ನಿರ್ದಿಷ್ಟ ಕಲಿಕಾ ನ್ಯೂನತೆ’ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಒಂದು. ಪ್ರಮಾಣಪತ್ರಕ್ಕೆ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ, ಶಾಲೆಯ ನೆರವಿಗೆ ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿರುವ (ಬಿ.ಆರ್.ಸಿ.) ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರನ್ನು ಕಾಣಿ.

ಸಾಮಾನು ಯಾವುದೇ ಇರಲಿ, ಪಾಠ 40 ನಿಮಿಷ ಮೀರದಿರಲಿ, ವಾರಕ್ಕೆ ನಾಲ್ಕೈದು ದಿನ ತಪ್ಪದಿರಲಿ. ಮೊದಲ ಐದು ನಿಮಿಷ ಹಳೆಯ ಕಾರ್ಡು ನೋಡಿ ಸದ್ದು ಹೇಳುವುದು, ಇನ್ನೈದು ನಿಮಿಷ ಸದ್ದು ಕೇಳಿ ಮರಳಲ್ಲಿ ಬರೆಯುವುದು, ಮತ್ತೈದು ನಿಮಿಷ ತುಂಡು ಜೋಡಿಸಿ ಓದುವುದು. ಹೊಸದಕ್ಕೆ ಹತ್ತು ನಿಮಿಷ, ದಿನಕ್ಕೆ ಒಂದೇ ಒಂದು ಹೊಸದು. ಆಮೇಲೆ ಹತ್ತು ನಿಮಿಷ ಉಕ್ತಲೇಖನ: ನಾಲ್ಕೈದು ಪದ, ಒಂದು ವಾಕ್ಯ. ಮಗು ಪದ ಕೇಳಿ, ತಾನೂ ಹೇಳಿ, ಒಂದೊಂದು ಅಕ್ಷರವನ್ನೂ ಬಾಯಲ್ಲಿ ಹೇಳುತ್ತಲೇ ಬರೆದು, ಬರೆದದ್ದನ್ನು ತಾನೇ ಓದಬೇಕು. ಕೊನೆಯ ಐದು ನಿಮಿಷ ಕಲಿತ ಅಕ್ಷರಗಳೇ ಇರುವ ನಾಲ್ಕು ಸಾಲು ಓದು. ಉತ್ಸಾಹದಲ್ಲಿ ಒಂದೇ ವಾರಕ್ಕೆ ಇಡೀ ಕಾಗುಣಿತ ಮುಗಿಸಿದ ಮನೆಗಳಲ್ಲಿ ತಿಂಗಳ ಕೊನೆಗೆ ಎಲ್ಲವೂ ಕಲಸಿಹೋಗಿರುತ್ತದೆ.

ಏಳು, ಎಂಟನೇ ತರಗತಿಯ ಮಕ್ಕಳಿಗೆ ಈ ಪೆಟ್ಟಿಗೆ ಬೇಡ. ಮರಳಿನಲ್ಲಿ ಅ ಆ ತಿದ್ದು ಎಂದರೆ ಅವರಿಗೆ ಅವಮಾನ. ಅವರಿಗೆ ಬೇಕಾದದ್ದು ಯಾವ ಪೆಟ್ಟಿಗೆಯಲ್ಲೂ ಇಲ್ಲದ ಜಾಲರಿ ಹಲಗೆ: 24×32 ಸೆಂ.ಮೀ. ಪ್ಲೈವುಡ್‌ಗೆ ಕಿಟಕಿಯ ಸೊಳ್ಳೆ ಜಾಲರಿಯನ್ನು ಎಳೆದು ಬಿಗಿದು ಸ್ಟೇಪಲ್ ಹೊಡೆದು, ಅಂಚಿಗೆ ಟೇಪ್ ಸುತ್ತಬೇಕು. ಕಾಫಿ ಮೂಟೆಯ ಗೋಣಿತಾಟಿನ ತುಂಡೂ ನಡೆಯುತ್ತದೆ, ಗೆರೆ ತುಸು ಒರಟಾಗುತ್ತದಷ್ಟೇ. ಅದರ ಮೇಲೆ ಹಾಳೆ ಇಟ್ಟು ಮೇಣದ ಕ್ರೇಯಾನಿನಲ್ಲಿ ಒತ್ತಿ ಬರೆದರೆ ಅಕ್ಷರ ಬೆರಳಿಗೆ ತಾಗುವಷ್ಟು ಉಬ್ಬಿ ಬರುತ್ತದೆ. ಪಾಠದಲ್ಲಿ ಪದೇ ಪದೇ ತಪ್ಪುವ ಪದವನ್ನು, ‘ವಿದ್ಯಾರ್ಥಿ’, ‘ಸ್ವಾತಂತ್ರ್ಯ’ ಇಂಥದ್ದನ್ನು, ಹಾಳೆಯ ಉದ್ದಕ್ಕೂ ದೊಡ್ಡದಾಗಿ ಬರೆದುಕೊಡಿ. ಭಾಗಭಾಗವಾಗಿ ಹೇಳುತ್ತಾ ಬೆರಳಲ್ಲಿ ತಿದ್ದಿ, ನೋಡದೆ ಬರೆಯಬಲ್ಲೆ ಎನ್ನಿಸಿದಾಗ ಹಾಳೆ ಮಗುಚಿ ಬೇರೆ ಕಾಗದದಲ್ಲಿ ಬರೆಯಲಿ. ನಡುವೆ ತಪ್ಪಿದರೆ ಅಳಿಸಿ ತಿದ್ದುವುದು ಬೇಡ, ಇಡೀ ಪದವನ್ನು ಮತ್ತೆ ಮೊದಲಿಂದ. ಎರಡು ಸಲ ಸರಿ ಬಂದರೆ ಆ ಹಾಳೆ ಫೈಲಿಗೆ, ಮರುದಿನ ಮತ್ತೆ ಒಂದು ಸಲ ನೋಡದೆ. ಜಾಲರಿ ಪ್ಲಾಸ್ಟಿಕ್ಕಿನದಾದರೆ ಕೆಲವು ತಿಂಗಳಲ್ಲಿ ಕಣ್ಣುಗಳು ಚಪ್ಪಟೆಯಾಗಿ ಗೆರೆ ಉಬ್ಬುವುದು ನಿಲ್ಲುತ್ತದೆ. ಅಲ್ಯೂಮಿನಿಯಂನದಕ್ಕೆ ಆ ಕಾಟವಿಲ್ಲ, ಕತ್ತರಿಸಿದ ತುದಿ ಮಾತ್ರ ಚುಚ್ಚದಂತೆ ಟೇಪನ್ನು ಎರಡು ಸುತ್ತು ಹಾಕಿ.